ನೀವಿರೋ ಇಂಗ್ಲಿಷ್ ಊರಿನ ಹಳೇ ಕಥೆ ಹುಡುಕೋಕೆ ಯಾವ ದಾರಿ? ನಕ್ಷೆ, ಸೆನ್ಸಸ್, ಶಾಲೆ ಲಾಗ್ ಬುಕ್ಕು, ಇಲ್ಲಾ ಹಿರಿಯರ ಮಾತು

ಇಂಗ್ಲೆಂಡಲ್ಲಿ ಮಕ್ಕಳನ್ನ ಪ್ರೈಮರಿ ಸ್ಕೂಲಿಗೆ ಕಳಿಸ್ತಿರೋ ಕನ್ನಡದ ಮನೆಗಳಿಗೆ ಈ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಅಲ್ಲಿನ ನ್ಯಾಷನಲ್ ಕರಿಕ್ಯುಲಂನಲ್ಲಿ ಕೀ ಸ್ಟೇಜ್ 2, ಅಂದ್ರೆ 7ರಿಂದ 11 ವರ್ಷದ ಮಕ್ಕಳು ತಾವಿರೋ ಊರಿನ ಚರಿತ್ರೆ ಕಲೀಬೇಕು ಅಂತಿದೆ. ಪಕ್ಕದ ಬೆಂಚಿನ ಹುಡುಗ ಅವರಜ್ಜೀನ ಕೇಳಿಕೊಂಡು ಬಂದು ಯುದ್ಧದ ಕಾಲದ ಕಥೆ ಹೇಳ್ತಾನೆ, ನಮ್ಮ ಮಗಳ ಅಜ್ಜಿ ಇರೋದು ಹಾಸನದಲ್ಲಿ, ಇಂಗ್ಲೆಂಡಿನ ಸ್ವಿಂಡನ್ ಊರಿನ ಬಗ್ಗೆ ಅವರನ್ನ ಏನಂತ ಕೇಳೋದು. ಹಾಗಂತ ನಮ್ಮ ಮಕ್ಕಳು ಈ ಊರಿನ ಕಥೆಗೆ ಹೊರಗಿನವರೇನಲ್ಲ, ಅವರು ಆಡಿ ಬಿದ್ದು ಮಂಡಿ ಕೆರೆದುಕೊಳ್ತಿರೋದು ಇದೇ ಬೀದೀಲಿ, ಹಂಗಾಗಿ ಈ ಬೀದೀಲಿ ನೂರು ವರ್ಷದ ಹಿಂದೆ ಯಾರು ಆಡ್ತಿದ್ರು ಅನ್ನೋದು ಅವರಿಗೂ ಸೇರಿದ್ದೇ.

ಬ್ರಿಟನ್ನಲ್ಲಿ ಊರಿನ ಚರಿತ್ರೆ ಹುಡುಕೋಕೆ ದಾರಿಗಳು ವಿಪರೀತ ಇವೆ, ಅದೇ ತೊಂದರೆ. ನಮ್ಮಲ್ಲಿ ತುಂಬಾ ಜನ ಮೊದಲು ಮಾಡೋ ಕೆಲಸ ಅಂದ್ರೆ ಕ್ರೆಡಿಟ್ ಕಾರ್ಡ್ ತೆಗೆದು ಯಾವುದೋ ವಂಶಾವಳಿ ವೆಬ್‌ಸೈಟಿಗೆ ವರ್ಷದ ಚಂದಾ ಕಟ್ಟೋದು. ಅದು ಬೇಡ. ಮೊದಲು ನಿಮ್ಮ ಪ್ರಶ್ನೆ ಏನು ಅಂತ ಗಟ್ಟಿ ಮಾಡ್ಕೊಳ್ಳಿ. ಈ ಜಾಗದಲ್ಲಿ ಮೊದಲು ಏನಿತ್ತು ಅನ್ನೋ ಪ್ರಶ್ನೆ ಆದ್ರೆ ನಕ್ಷೆ. ನಮ್ಮ ಮನೇಲಿ ಯಾರಿದ್ರು ಅನ್ನೋದಾದ್ರೆ ಸೆನ್ಸಸ್. ಇಲ್ಲಿ ಮಕ್ಕಳು ಹೆಂಗೆ ಬೆಳೆದ್ರು ಅನ್ನೋದಾದ್ರೆ ಮಾತ್ರ ಶಾಲೆಯ ಲಾಗ್ ಬುಕ್ಕು, ಅಂದ್ರೆ ಹೆಡ್‌ಮಾಸ್ಟರು ಬರೆದಿಟ್ಟ ದಿನಚರಿ, ಮತ್ತೆ ಬದುಕಿರೋ ಹಿರಿಯರು, ಇವೆರಡೇ ನಿಜವಾಗಿ ಕೈ ಹಿಡಿಯೋದು, ಮಿಕ್ಕಿದ್ದೆಲ್ಲ ಪಕ್ಕವಾದ್ಯ. ಇದು ನನ್ನ ಗಟ್ಟಿ ಅಭಿಪ್ರಾಯ, ಯಾಕೆ ಅಂತ ಸ್ವಿಂಡನ್ನನ್ನೇ ಉದಾಹರಣೆ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಈ ಊರು ಪೂರ್ತಿ ಹೊರಗಿಂದ ಬಂದವರೇ ಕಟ್ಟಿದ ಊರು. 1801ರ ಸೆನ್ಸಸ್ಸಲ್ಲಿ ಇಲ್ಲಿದ್ದದ್ದು 1,198 ಜನ, ಗುಡ್ಡದ ಮೇಲಿನ ಒಂದು ಸಣ್ಣ ಸಂತೆ ಊರು. 1843ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ವರ್ಕ್ಸ್ ಶುರುವಾಯ್ತು, ಇಂಜಿನ್ ರಿಪೇರಿ ಮಾಡೋ, ಆಮೇಲೆ ಇಂಜಿನ್ನನ್ನೇ ಕಟ್ಟೋ ಕಾರ್ಖಾನೆ, 1901ರ ಹೊತ್ತಿಗೆ ಜನ 45,000 ಆಗಿದ್ರು.

ನಕ್ಷೆಯಿಂದ ಶುರು ಮಾಡೋಣ, ಯಾಕಂದ್ರೆ ಬೇರೆ ಯಾವ ದಾರಿ ಹಿಡಿದ್ರೂ ನಕ್ಷೆ ಬೇಕೇ ಬೇಕು, ಮತ್ತೆ ಇದಕ್ಕೆ ಒಂದು ಪೆನ್ನಿ ಖರ್ಚಿಲ್ಲ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ವೆಬ್‌ಸೈಟಲ್ಲಿ ಸ್ಕಾಟ್ಲೆಂಡಿನದಷ್ಟೇ ಅಲ್ಲ, ಇಂಗ್ಲೆಂಡ್ ಮತ್ತೆ ವೇಲ್ಸಿನ ಹಳೇ ಆರ್ಡ್‌ನೆನ್ಸ್ ಸರ್ವೇ (ಸರ್ಕಾರದ ನಕ್ಷೆ ಇಲಾಖೆ) ನಕ್ಷೆಗಳೂ ಫ್ರೀ ಆಗಿ ಸಿಗುತ್ತೆ. ಎರಡು ಅಳತೆ ನೆನಪಿಟ್ಕೊಳ್ಳಿ, ಮೈಲಿಗೆ 6 ಇಂಚಿನದು ಮತ್ತೆ ಮೈಲಿಗೆ 25 ಇಂಚಿನದು. ಹಳ್ಳಿ, ಹೊಲ, ಕಾಲುವೆ, ರೈಲು ದಾರಿ ನೋಡೋಕೆ 6 ಇಂಚಿನದು ಸಾಕು. ಮನೆ ಮನೆ ಬೇಕು ಅಂದ್ರೆ 25 ಇಂಚಿನದೇ ತೆಗೀರಿ, ಅದ್ರಲ್ಲಿ ಒಂದೊಂದು ಮನೆ, ಹಿತ್ತಲು, ನೀರಿನ ಪಂಪು, ಬಾವಿ, ಕಮ್ಮಾರನ ಅಂಗಡಿ, ಚಾಪೆಲ್ಲು (ಸಣ್ಣ ಪ್ರಾರ್ಥನಾ ಮಂದಿರ), ಅಂಚೆ ಡಬ್ಬ ಎಲ್ಲ ಕಾಣುತ್ತೆ. ಅದೇ ವೆಬ್‌ಸೈಟಲ್ಲಿ ಪರದೆಯ ಎಡಕ್ಕೆ ಹಳೇ ನಕ್ಷೆ ಬಲಕ್ಕೆ ಈಗಿನ ಸ್ಯಾಟಲೈಟ್ ಚಿತ್ರ ಇಟ್ಟು ನೋಡೋ ಸೌಲಭ್ಯ ಇದೆ, ಮಕ್ಕಳನ್ನ ಕೂರಿಸಿ ಅದನ್ನ ತೆಗೆದು ಬಿಡಿ, ತಮ್ಮ ಸ್ಕೂಲಿನ ಆಟದ ಮೈದಾನ ಮೊದಲು ಇಟ್ಟಿಗೆ ಭಟ್ಟಿಯ ಗುಂಡಿ ಆಗಿತ್ತು ಅಂತ ಅವರೇ ಕಂಡುಹಿಡಿದಾಗ ಅವರ ಮುಖ ನೋಡ್ಬೇಕು.

ಸ್ವಿಂಡನ್ ರೈಲ್ವೆ ವಿಲೇಜಿನಲ್ಲಿ, ಅಂದ್ರೆ ಕಂಪನಿ ತನ್ನ ಕೆಲಸಗಾರರಿಗೆ ಅಂತ ಕಟ್ಟಿಸಿದ ಸಾಲು ಕಲ್ಲುಮನೆಗಳ ಮಧ್ಯೆ, ಗೋಪುರ ಇರೋ ಒಂದು ದೊಡ್ಡ ಕಲ್ಲಿನ ಕಟ್ಟಡ ಇದೆ. ಮೊದಲು ಅದನ್ನ ಕಟ್ಟಿದ್ದು ಮದುವೆ ಆಗದ ಕೆಲಸಗಾರರಿಗೆ ಲಾಡ್ಜು ಅಂತ, ಅದು ಓಡಲಿಲ್ಲ, 1869ರಲ್ಲಿ ವೆಸ್ಲಿಯನ್ ಅನ್ನೋ ಕ್ರೈಸ್ತ ಪಂಗಡದವರ ಚಾಪೆಲ್ ಆಯ್ತು, 1962ರಲ್ಲಿ ರೈಲ್ವೆ ಮ್ಯೂಸಿಯಂ ಆಯ್ತು, ಆ ಮ್ಯೂಸಿಯಂ 2000ದಲ್ಲಿ ಸ್ಟೀಮ್ ಅನ್ನೋ ಹೆಸರಲ್ಲಿ ಹಳೇ ವರ್ಕ್ಸಿನೊಳಕ್ಕೆ ಹೋಯ್ತು. ಬೇರೆ ಬೇರೆ ಕಾಲದ ನಕ್ಷೆ ಇಟ್ಕೊಂಡು ನೋಡಿದ್ರೆ ಅದೇ ಕಟ್ಟಡದ ಮೇಲಿನ ಹೆಸರು ಬದಲಾಗ್ತಾ ಹೋಗುತ್ತೆ. ಬೀದಿ ಹೆಸರುಗಳೂ ಅಷ್ಟೇ, ಬ್ರಿಸ್ಟಲ್ ಸ್ಟ್ರೀಟ್, ಎಕ್ಸೆಟರ್ ಸ್ಟ್ರೀಟ್, ಟಾಂಟನ್ ಸ್ಟ್ರೀಟ್, ರೀಡಿಂಗ್ ಸ್ಟ್ರೀಟ್, ಎಲ್ಲ ಆ ರೈಲು ಹೋಗೋ ಊರುಗಳೇ. ನಕ್ಷೆಯ ಕೊರತೆ ಒಂದೇ, ಅದ್ರಲ್ಲಿ ಮನುಷ್ಯರಿಲ್ಲ.

ಮನುಷ್ಯರು ಬೇಕು ಅಂದ್ರೆ ಸೆನ್ಸಸ್. ಬ್ರಿಟನ್ನಲ್ಲಿ 1801ರಿಂದ ಹತ್ತು ವರ್ಷಕ್ಕೊಂದು ಸಲ ಜನಗಣತಿ ನಡೆದಿದೆ, ಆದ್ರೆ ಪ್ರತಿ ಮನೆಯವರ ಹೆಸರು ವಯಸ್ಸು ಸಿಗೋದು 1841ರಿಂದ ಈಚೆಗೆ. ನೂರು ವರ್ಷ ಮುಚ್ಚಿಡ್ತಾರೆ, ಹಂಗಾಗಿ ಈಗ ನೋಡೋಕೆ ಸಿಗೋ ಕೊನೇದು 1921ರದ್ದು, ಅದು 2022ರ ಜನವರೀಲಿ ಹೊರಗೆ ಬಂತು. ಮುಂದಿನದಕ್ಕೆ ಕಾಯ್ತೀನಿ ಅನ್ನೋರು ಇದನ್ನ ಓದಿ, ಇಂಗ್ಲೆಂಡ್ ಮತ್ತೆ ವೇಲ್ಸಿನ 1931ರ ಸೆನ್ಸಸ್ ಕಾಗದ ಎಲ್ಲ 1942ರ ಡಿಸೆಂಬರಲ್ಲಿ ಬೆಂಕಿಗೆ ಹೋಯ್ತು, 1941ರಲ್ಲಿ ಯುದ್ಧ ಅಂತ ಗಣತಿನೇ ಮಾಡಲಿಲ್ಲ. ಅಂದ್ರೆ 1921 ಆದ್ಮೇಲೆ ನೇರ 1951ಕ್ಕೆ ಹೋಗ್ಬೇಕು, ಅದು ಹೊರಗೆ ಬರೋ ಹೊತ್ತಿಗೆ ಈಗಿನ ಮಕ್ಕಳಿಗೇ ಮಕ್ಕಳಾಗಿರ್ತಾರೆ. ಮಧ್ಯದ ಆ ದೊಡ್ಡ ತೂತನ್ನ ಸ್ವಲ್ಪ ಮುಚ್ಚೋದು 1939ರ ರಿಜಿಸ್ಟರ್, ಯುದ್ಧ ಶುರುವಾದ ತಿಂಗಳಲ್ಲೇ, ಸೆಪ್ಟೆಂಬರ್ 29ಕ್ಕೆ, ಗುರುತಿನ ಚೀಟಿ ಕೊಡೋಕೆ ಅಂತ ಮನೆ ಮನೆ ಬರೆದುಕೊಂಡಿದ್ದು.

ಬಾಲ್ಯ ಹುಡುಕೋರಿಗೆ ಸೆನ್ಸಸ್ ಎಷ್ಟು ಉಪಯೋಗ? ಅರ್ಧ ಉಪಯೋಗ. ವಿಕ್ಟೋರಿಯನ್ ಕಾಲದ ಸೆನ್ಸಸ್ಸಲ್ಲಿ ಮಕ್ಕಳ ಮುಂದೆ ಉದ್ಯೋಗದ ಕಾಲಮ್ಮಲ್ಲಿ ಬರೀ ಸ್ಕಾಲರ್, ಅಂದ್ರೆ ಶಾಲೆಗೆ ಹೋಗೋ ಮಗು, ಅಂತ ಬರೆದಿರ್ತಾರೆ, ಅಲ್ಲಿಗೆ ಮುಗೀತು. ಲ್ಯಾಂಕಶೈರಿನ ಹತ್ತಿ ಮಿಲ್ಲಿನ ಊರುಗಳಲ್ಲಿ ಆದ್ರೆ ಹನ್ನೆರಡು ವರ್ಷದ ಹುಡುಗಿ ಮುಂದೆ ಹಾಫ್ ಟೈಮರ್ ಅಂತ ಕಾಣುತ್ತೆ, ಅರ್ಧ ದಿನ ಮಿಲ್ಲು ಅರ್ಧ ದಿನ ಶಾಲೆ, 1918ರ ಎಜುಕೇಶನ್ ಆಕ್ಟ್ ಬಂದು ಶಾಲೆ ಬಿಡೋ ವಯಸ್ಸನ್ನ 14ಕ್ಕೆ ಏರಿಸಿ ಈ ಪದ್ಧತಿ ನಿಲ್ಲಿಸೋವರೆಗೂ ಇದು ಕಾನೂನುಬದ್ಧವಾಗೇ ನಡೀತಿತ್ತು. 1911ರ ಸೆನ್ಸಸ್ ಮಾತ್ರ ತೆಗೆದು ನೋಡೋವಾಗ ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಅದು ಮನೆ ಯಜಮಾನನೇ ತುಂಬಿಸಿದ ಫಾರಂ, ಅವನದೇ ಕೈಬರಹ, ಮತ್ತೆ ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಜೀವಂತ ಹುಟ್ಟಿದ್ರು, ಈಗೆಷ್ಟು ಇದಾರೆ, ಎಷ್ಟು ತೀರಿಕೊಂಡ್ರು ಅಂತ ಕೇಳಿದ್ರು. ಒಂದು ಬೀದಿಯ ಫಾರಂಗಳನ್ನ ಸಾಲಾಗಿ ಓದ್ತಾ ಹೋದ್ರೆ ಆ ಕೊನೇ ಕಾಲಮ್ಮಿನ ಅಂಕಿಗಳೇ ಆ ಕಾಲದ ಬಾಲ್ಯ ಏನು ಅಂತ ಹೇಳುತ್ತೆ.

ನಮ್ಮಂಥ ವಲಸೆ ಮನೆಯವರಿಗೆ ನಾನು ಹೇಳೋದು, ಸೆನ್ಸಸ್ಸಲ್ಲಿ ಹೆಸರಿಗಿಂತ ಹುಟ್ಟಿದ ಊರಿನ ಕಾಲಮ್ ನೋಡಿ ಅಂತ. ಸ್ವಿಂಡನ್ನಿನಲ್ಲಿ 1861ರಲ್ಲಿ ಹಳಿ ತಯಾರಿಸೋ ರೋಲಿಂಗ್ ಮಿಲ್ ಶುರುವಾದಾಗ ಸೌತ್ ವೇಲ್ಸಿಂದ ಕಬ್ಬಿಣದ ಕೆಲಸದವರು ಸಂಸಾರ ಸಮೇತ ಬಂದ್ರು, ಅವರಿಗೆ ಅಂತ ಕೇಂಬ್ರಿಯಾ ಪ್ಲೇಸ್ ಅನ್ನೋ ಸಾಲುಮನೆ ಎದ್ದಿತು, ಅಲ್ಲೇ ತಮ್ಮ ಭಾಷೇಲಿ ಪ್ರಾರ್ಥನೆ ಮಾಡೋಕೆ ಚಾಪೆಲ್ ಕಟ್ಟಿಕೊಂಡ್ರು. ಅಪ್ಪ ಅಮ್ಮ ವೇಲ್ಸಲ್ಲಿ ಹುಟ್ಟಿದೋರು, ದೊಡ್ಡ ಮಗ ವೇಲ್ಸು, ಚಿಕ್ಕ ಮಗು ಸ್ವಿಂಡನ್ನು. ನಮ್ಮ ಮನೆಗಳಲ್ಲೂ ದೊಡ್ಡೋನು ಬೆಂಗಳೂರು ಚಿಕ್ಕೋಳು ಇಲ್ಲೇ ಅನ್ನೋ ಲೆಕ್ಕ ಇರುತ್ತಲ್ಲ, ಇದನ್ನ ಮಕ್ಕಳಿಗೆ ತೋರಿಸಿ.

1939ರ ರಿಜಿಸ್ಟರ್ ಬಗ್ಗೆ ಒಂದು ಎಚ್ಚರಿಕೆ. ಹುಟ್ಟಿ ನೂರು ವರ್ಷ ಆಗದೇ ಇರೋರ ಸಾಲನ್ನ, ಅವರು ತೀರಿಕೊಂಡಿದ್ದು ದಾಖಲಾಗಿದ್ರೆ ಬಿಟ್ಟು, ಕಪ್ಪು ಪಟ್ಟಿ ಹಾಕಿ ಮುಚ್ಚಿರ್ತಾರೆ, ಅಂದ್ರೆ ಆಗಿನ ಮಕ್ಕಳೇ ಬಹುಪಾಲು ಕಾಣಲ್ಲ. ಆದ್ರೂ ಹಳ್ಳಿಗಳಲ್ಲಿ ಅದನ್ನ ನೋಡೋದು ಚೆನ್ನ. ಆ ಸೆಪ್ಟೆಂಬರ್ ಮೊದಲ ದಿನಗಳಲ್ಲೇ ಬಾಂಬಿನ ಭಯಕ್ಕೆ ದೊಡ್ಡ ಊರುಗಳಿಂದ 15 ಲಕ್ಷದಷ್ಟು ಜನರನ್ನ, ಹೆಚ್ಚಾಗಿ ಶಾಲೆ ಮಕ್ಕಳನ್ನ, ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿದ್ರು, ಹಂಗಾಗಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರಬೇಕಾದ ಮನೇಲಿ ಕೆಳಗೆ ಮೂರು ನಾಲ್ಕು ಕಪ್ಪು ಪಟ್ಟಿ ಇದ್ರೆ ಅಲ್ಲಿ ಲಂಡನ್ನಿನ ಮಕ್ಕಳು ಮಲಗಿದ್ದಿರಬಹುದು ಅಂತ ಅಂದಾಜು ಮಾಡಬಹುದು. ಅಂದಾಜು ಅಷ್ಟೇ, ಅದನ್ನ ಗಟ್ಟಿ ಮಾಡ್ಕೊಳ್ಳೋಕೆ ಶಾಲೆಯ ಪುಸ್ತಕಕ್ಕೇ ಹೋಗ್ಬೇಕು.

ಈಗ ನನ್ನ ಮೆಚ್ಚಿನದಕ್ಕೆ ಬರ್ತೀನಿ, ಶಾಲೆಯ ಲಾಗ್ ಬುಕ್ಕು. ಇದರ ಬಗ್ಗೆ ನಮ್ಮೋರಿಗೆ ಗೊತ್ತೇ ಇಲ್ಲ, ಇಲ್ಲಿಯವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. 1860ರ ದಶಕದ ಶುರುವಲ್ಲಿ ಸರ್ಕಾರ ಒಂದು ನಿಯಮ ತಂತು, ಸರ್ಕಾರದ ದುಡ್ಡು ತಗೊಳ್ಳೋ ಪ್ರತಿ ಶಾಲೆಯ ಹೆಡ್‌ಮಾಸ್ಟರು ಒಂದು ದಿನಚರಿ ಪುಸ್ತಕ ಇಡಬೇಕು ಅಂತ. ಅದೇ ನಿಯಮದಲ್ಲಿ ಇನ್ನೊಂದು ಇತ್ತು, ಮಕ್ಕಳು ಎಷ್ಟು ಜನ ಬರ್ತಾರೆ, ಇನ್‌ಸ್ಪೆಕ್ಟರ್ ಮುಂದೆ ಓದೋದು ಬರೆಯೋದು ಲೆಕ್ಕ ಮಾಡೋದರಲ್ಲಿ ಎಷ್ಟು ಜನ ಪಾಸಾಗ್ತಾರೆ ಅನ್ನೋದರ ಮೇಲೆ ಶಾಲೆಗೆ ದುಡ್ಡು. ಈ ಎರಡನ್ನೂ ಜೊತೆಗಿಟ್ಟು ನೋಡಿ, ಆಗ ಅರ್ಥ ಆಗುತ್ತೆ ಹೆಡ್‌ಮಾಸ್ಟರಿಗೆ ಹಾಜರಾತಿ ಅಂದ್ರೆ ಯಾಕಷ್ಟು ಜೀವ ಅಂತ. ಮಗು ಬರಲಿಲ್ಲ ಅಂದ್ರೆ ಯಾಕೆ ಬರಲಿಲ್ಲ ಅಂತ ಬರೀಲೇಬೇಕು, ಮತ್ತೆ ಆ ಕಾರಣಗಳೇ ನಮಗೆ ಬೇಕಾದ ಬಾಲ್ಯ. ಹುಲ್ಲು ಕೊಯ್ಲು, ಸುಗ್ಗಿ, ಆಲೂಗಡ್ಡೆ ಆರಿಸೋದು, ಕಾಗೆ ಓಡಿಸೋದು, ತಮ್ಮನನ್ನ ನೋಡ್ಕೊಳ್ಳೋಕೆ ಅಕ್ಕ ಮನೇಲಿ ಉಳಿದಿದ್ದು, ಬೂಟಿಲ್ಲ, ಹಿಮ ಬಿದ್ದು ದೂರದ ಫಾರ್ಮಿನ ಮಕ್ಕಳು ನಡೆದು ಬರೋಕಾಗಲಿಲ್ಲ, ಪಕ್ಕದ ಊರಲ್ಲಿ ಜಾತ್ರೆ, ಊರಿಗೆ ಸರ್ಕಸ್ ಬಂದಿದೆ, ದಡಾರ, ನಾಯಿಕೆಮ್ಮು, ಸ್ಕಾರ್ಲೆಟ್ ಫೀವರ್ ಅಂತ ವಾರಗಟ್ಟಲೆ ಶಾಲೆ ಮುಚ್ಚಿದ್ದು.

ಲಾಗ್ ಬುಕ್ಕಿನ ದೊಡ್ಡ ಗುಣ ಅಂದ್ರೆ ಅದನ್ನ ಅದೇ ದಿನ ಬರೆದಿರೋದು. ಹೆಡ್‌ಮಾಸ್ಟರಿಗೆ ಮುಂದೆ ಯಾರೋ ಓದ್ತಾರೆ ಅನ್ನೋ ಯೋಚನೆ ಇಲ್ಲ, ಸೋಮವಾರ ಒಲೆ ಹೊಗೆ ಹಾಕ್ತು, ಮಕ್ಕಳ ಕಣ್ಣಲ್ಲಿ ನೀರು, ಇಂಕು ಹೆಪ್ಪುಗಟ್ಟಿದೆ, ಇಷ್ಟೇ ಒಂದು ಸಾಲು. ಇಂಥ ಸಾಲು ಮುದ್ರಣ ಆದ ಯಾವ ಊರಿನ ಚರಿತ್ರೆ ಪುಸ್ತಕದಲ್ಲೂ ಸಿಗಲ್ಲ. ಕೊರತೆನೂ ಇದೆ, ಇದು ಮೇಷ್ಟ್ರ ಕಣ್ಣಿನ ಬಾಲ್ಯ. ಶಾಲೆಗೆ ಬರದ ಮಗುವಿನ ಹೆಸರು ಬರುತ್ತೆ, ಬರದೇ ಇದ್ದ ದಿನ ಆ ಮಗುಗೆ ಎಷ್ಟು ಖುಷಿ ಆಯ್ತು ಅನ್ನೋದು ಬರಲ್ಲ.

ಇದನ್ನ ನೋಡೋಕೆ ಕೌಂಟಿ ರೆಕಾರ್ಡ್ ಆಫೀಸಿಗೆ, ಅಂದ್ರೆ ಜಿಲ್ಲೆಯ ಹಳೇ ದಾಖಲೆ ಇಡೋ ಕಚೇರಿಗೆ, ಹೋಗ್ಬೇಕು. ಹೆದರಬೇಡಿ. ಸ್ವಿಂಡನ್ ಸುತ್ತಮುತ್ತಲಿನದೆಲ್ಲ ಚಿಪ್ಪೆನಂನಲ್ಲಿರೋ ವಿಲ್ಟ್‌ಶೈರ್ ಅಂಡ್ ಸ್ವಿಂಡನ್ ಹಿಸ್ಟರಿ ಸೆಂಟರಲ್ಲಿದೆ, ರೈಲ್ವೆ ಸ್ಟೇಷನ್ನಿಂದ ನಡ್ಕೊಂಡೇ ಹೋಗಬಹುದು. ಬೇರೆ ಕೌಂಟಿಯವರು ನ್ಯಾಷನಲ್ ಆರ್ಕೈವ್ಸಿನ ಡಿಸ್ಕವರಿ ಕ್ಯಾಟಲಾಗಲ್ಲಿ ಊರಿನ ಹೆಸರು, ಸ್ಕೂಲ್, ಲಾಗ್ ಬುಕ್ ಅಂತ ಹೊಡೆದ್ರೆ ಯಾವ ಆಫೀಸಲ್ಲಿದೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತೆ. ಓದೋಕೆ ದುಡ್ಡಿಲ್ಲ, ಗುರುತು ಮತ್ತೆ ವಿಳಾಸದ ಪುರಾವೆ ತೋರಿಸಿ ಕಾರ್ಡ್ ಮಾಡಿಸಬೇಕು, ಬ್ಯಾಗು ಕೋಟು ಲಾಕರಲ್ಲಿ, ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ, ಪುಸ್ತಕನ ಸ್ಪಂಜಿನ ದಿಂಬಿನ ಮೇಲೆ ಇಟ್ಟು ತೆರೀಬೇಕು, ಫೋಟೋ ತೆಗೆಯೋಕೆ ಸಾಮಾನ್ಯವಾಗಿ ಒಂದು ಸಣ್ಣ ಶುಲ್ಕ. ಇತ್ತೀಚಿನ ದಶಕಗಳ ಪುಸ್ತಕ ಕೊಡಲ್ಲ, ಬದುಕಿರೋರ ಖಾಸಗಿ ವಿಷಯ ಇರುತ್ತೆ ಅಂತ, ಅದು ನ್ಯಾಯವೂ ಹೌದು. ಕೈಬರಹ ಮೊದಲ ಅರ್ಧ ಗಂಟೆ ಕಷ್ಟ ಕೊಡುತ್ತೆ, ಆಮೇಲೆ ಅದೇ ಮೇಷ್ಟ್ರು ಅದೇ ಕೈ ಆಗಿರೋದ್ರಿಂದ ಸರಾಗ ಆಗುತ್ತೆ. ಸುಮ್ಮನೆ ಮೊದಲ ಪುಟದಿಂದ ಓದೋಕೆ ಹೋಗ್ಬೇಡಿ, ನಿಮ್ಮ ಮಗುವಿನ ಹುಟ್ಟುಹಬ್ಬದ ತಿಂಗಳು ಅಂತಾನೋ ಸುಗ್ಗಿಯ ಸೆಪ್ಟೆಂಬರ್ ಅಂತಾನೋ ಒಂದೇ ತಿಂಗಳು ಹಿಡ್ಕೊಂಡು ವರ್ಷ ವರ್ಷ ಹೋಲಿಸ್ತಾ ಹೋಗಿ.

ಹಳೇ ಪತ್ರಿಕೆಗಳು ಆಕರ್ಷಕ, ಆದ್ರೆ ಬಾಲ್ಯದ ವಿಷಯಕ್ಕೆ ನಾನು ಕೊನೇಲಿ ಇಡ್ತೀನಿ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಅನ್ನೋ ವೆಬ್‌ಸೈಟ್ 2011ರಿಂದ ಇದೆ, ಚಂದಾ ಕಟ್ಬೇಕು, ಆದ್ರೆ ಬಹಳಷ್ಟು ಪಬ್ಲಿಕ್ ಲೈಬ್ರರಿಗಳ ಕಂಪ್ಯೂಟರಲ್ಲಿ ಫ್ರೀ, ಸೆನ್ಸಸ್ ನೋಡೋ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಕೂಡ ಹಾಗೇನೇ, ಹಂಗಾಗಿ ಮೊದಲು ಲೈಬ್ರರಿ ಕಾರ್ಡ್ ಮಾಡಿಸಿ. ಪತ್ರಿಕೇಲಿ ಮಕ್ಕಳು ಕಾಣಿಸೋದು ಏನಾದ್ರೂ ಆದಾಗಷ್ಟೇ, ಕಾಲುವೆಗೆ ಬಿದ್ದಾಗ, ತೋಟದಲ್ಲಿ ಸೇಬು ಕದ್ದಾಗ, ರಸ್ತೇಲಿ ಫುಟ್‌ಬಾಲ್ ಆಡಿ ಕೋರ್ಟಲ್ಲಿ ದಂಡ ಕಟ್ಟಿದಾಗ. ಹೌದು, ರಸ್ತೇಲಿ ಆಡಿದ್ದಕ್ಕೆ ದಂಡ ಹಾಕ್ತಿದ್ರು, 1938ರಲ್ಲಿ ಸ್ಟ್ರೀಟ್ ಪ್ಲೇಗ್ರೌಂಡ್ಸ್ ಆಕ್ಟ್ ಬಂದ್ಮೇಲೆ ಕೌನ್ಸಿಲ್‌ಗಳು ಕೆಲವು ಬೀದಿಗಳಿಗೆ ವಾಹನ ಬರದ ಹಾಗೆ ಮಾಡಿ ಮಕ್ಕಳಿಗೆ ಬಿಟ್ಟುಕೊಡೋಕೆ ದಾರಿ ಆಯ್ತು. ಪತ್ರಿಕೆ ಬೇಕಾಗೋದು ಯಾವಾಗ ಅಂದ್ರೆ, ಒಂದು ಘಟನೆ ನಿಮಗೆ ಆಗ್ಲೇ ಗೊತ್ತಿದೆ, ತಾರೀಖು ಬೇಕು ಅನ್ನೋವಾಗ. ಸ್ವಿಂಡನ್ ಅಡ್ವರ್ಟೈಸರ್ ಪತ್ರಿಕೆ 1854ರಿಂದ ಇದೆ, ಅಂಥ ಊರುಗಳಿಗೆ ಇದು ಅದೃಷ್ಟ.

ಫೋಟೋಗಳಲ್ಲಿ ಎರಡು ಆಯ್ಕೆ. ಫ್ರಾನ್ಸಿಸ್ ಫ್ರಿತ್ ಅನ್ನೋರು 1860ರಲ್ಲಿ ಶುರು ಮಾಡಿದ ಕಂಪನಿ ಬ್ರಿಟನ್ನಿನ ಊರೂರು ತಿರುಗಿ ಫೋಟೋ ತೆಗೆದು ಪೋಸ್ಟ್ ಕಾರ್ಡ್ ಮಾಡಿ ಮಾರ್ತಿತ್ತು, ಆ ಸಂಗ್ರಹ ಆನ್‌ಲೈನಲ್ಲಿ ನೋಡಬಹುದು, ಜೊತೆಗೆ ಆ ಊರಿನ ಜನ ಬರೆದ ನೆನಪುಗಳೂ ಇರುತ್ತೆ. ಇನ್ನೊಂದು ಬ್ರಿಟನ್ ಫ್ರಂ ಅಬವ್, 1919ರಿಂದ 1953ರವರೆಗೆ ಏರೋಫಿಲ್ಮ್ಸ್ ಕಂಪನಿ ವಿಮಾನದಿಂದ ತೆಗೆದ ಚಿತ್ರಗಳು, ಫ್ರೀ. ಬೀದಿಯ ಫೋಟೋ ಚಂದ, ಅಂಗಡಿ ಬೋರ್ಡು ಓದಬಹುದು, ಕ್ಯಾಮೆರಾ ಬಂತು ಅಂತ ಸಾಲಾಗಿ ನಿಂತ ಮಕ್ಕಳು ಕಾಣ್ತಾರೆ. ಆದ್ರೆ ಒಂದನ್ನೇ ಆರಿಸಿ ಅಂದ್ರೆ ನಾನು ವಿಮಾನದ ಚಿತ್ರಾನೇ ಆರಿಸ್ತೀನಿ. ಪೋಸ್ಟ್ ಕಾರ್ಡಿನವನು ಚರ್ಚು, ಹೈ ಸ್ಟ್ರೀಟು ಅಂತ ಮಾರಾಟ ಆಗೋದನ್ನೇ ತೆಗೆದ, ವಿಮಾನದವನ ಚಿತ್ರದಲ್ಲಿ ಯಾರೂ ತೆಗೆಯದ ಹಿತ್ತಲುಗಳು, ಬಟ್ಟೆ ಒಣಗಾಕಿದ ಹಗ್ಗ, ಮನೆ ಹಿಂದಿನ ಓಣಿ, ಮಕ್ಕಳು ಆಡಿ ಆಡಿ ಹುಲ್ಲು ಸವೆದ ಮೂಲೆ, ಎಲ್ಲ ತಾನಾಗೇ ಬಿದ್ದಿದೆ.

ಹಿರಿಯರ ಮಾತು. ಇದು ಸಿಗೋದು ಸುಲಭ, ಸರಿಯಾಗಿ ಬಳಸೋದು ಕಷ್ಟ. ಪ್ರತಿ ಊರಲ್ಲೂ ಲೋಕಲ್ ಹಿಸ್ಟರಿ ಸೊಸೈಟಿ ಅಂತ ಒಂದು ಇದ್ದೇ ಇರುತ್ತೆ ಅನ್ನಬಹುದು, ಚರ್ಚಿನ ಕಾಫಿ ಮಾರ್ನಿಂಗ್, ಲೈಬ್ರರೀಲಿ ನಡೆಯೋ ನೆನಪಿನ ಸಭೆ, ಅಲಾಟ್‌ಮೆಂಟಿನಲ್ಲಿ, ಅಂದ್ರೆ ಬಾಡಿಗೆ ತೋಟದ ತುಂಡಲ್ಲಿ, ಬೀನ್ಸ್ ಬೆಳೆಯೋ ತಾತ, ಇವರೆಲ್ಲ ಮಾತಾಡೋಕೆ ಕಾಯ್ತಿರ್ತಾರೆ, ನಾವು ಹೊರಗಿನವರು, ಕೇಳಿದ್ರೆ ಏನಂದ್ಕೋತಾರೋ ಅಂತ ಹಿಂಜರಿಯೋದು ನಾವೇ. ಹೊರಗಿನವರಾಗಿರೋದೇ ಇಲ್ಲಿ ಅನುಕೂಲ, ಟ್ರಿಪ್ ಅಂದ್ರೇನು ಅಂತ ಸ್ವಿಂಡನ್ನಿನವರು ಯಾರೂ ಒಬ್ಬರನ್ನೊಬ್ಬರು ಕೇಳಲ್ಲ, ನಾವು ಕೇಳಬಹುದು.

ನಾನು ಕೇಳಿದೆ, ಬಾಯ್ಲರ್ ಶಾಪಿನಲ್ಲಿ ದುಡೀತಿದ್ದವರ ಮಗ ಒಬ್ಬರನ್ನ. ಟ್ರಿಪ್ ಅಂದ್ರೆ ವರ್ಕ್ಸಿನವರ ವರ್ಷದ ರಜೆ ಪ್ರವಾಸ. ಜುಲೈನಲ್ಲಿ ವರ್ಕ್ಸಿಗೆ ಬೀಗ, ಕಂಪನಿ ತನ್ನ ಕೆಲಸಗಾರರಿಗೆ ಮನೆಮಂದಿ ಸಮೇತ ಫ್ರೀಯಾಗಿ ವಿಶೇಷ ರೈಲು ಬಿಡ್ತಿತ್ತು, ಶಾಲೆಗಳಿಗೂ ರಜೆ, ಬೆಳಗಿನ ಜಾವ ಕತ್ತಲಲ್ಲೇ ಊಟದ ಬುಟ್ಟಿ ಹೊತ್ಕೊಂಡು ವರ್ಕ್ಸಿನ ಒಳಗಿನ ಸೈಡಿಂಗಿಗೆ ಹೋಗ್ತಿದ್ರಂತೆ. ಅಲ್ಲಿ ಪ್ಲಾಟ್‌ಫಾರಂ ಇಲ್ಲ, ಬೋಗಿ ಬಾಗಿಲು ನೆಲದಿಂದ ಅಷ್ಟೆತ್ತರ, ಮರದ ಮೆಟ್ಟಿಲು ಇಟ್ಟು ಒಬ್ಬೊಬ್ಬರನ್ನೇ ಹತ್ತಿಸೋರು, ಚಿಕ್ಕ ಮಕ್ಕಳನ್ನ ಕೆಳಗಿಂದ ಒಬ್ಬರು ಎತ್ತಿ ಕೊಟ್ರೆ ಮೇಲಿಂದ ಇನ್ನೊಬ್ಬರು ಎಳ್ಕೊಳ್ಳೋರು. ಇದನ್ನ ಹೇಳೋವಾಗ ಅವರು ತಮ್ಮ ಎರಡೂ ಕೈ ಮೇಲೆತ್ತಿದ್ರು, ಆರು ವರ್ಷದ ಹುಡುಗನ ಥರ. ಇದು ಯಾವ ದಾಖಲೇಲಿ ಸಿಗುತ್ತೆ ಹೇಳಿ.

ಅದೇ ಮಾತಲ್ಲಿ ಅವರು ಇಡೀ ಊರೇ ವೇಮತ್ ಸಮುದ್ರತೀರಕ್ಕೆ ಹೋಗ್ತಿತ್ತು ಅಂದ್ರು. ವೇಮತ್ತಿಗೆ ಆ ವಾರ ಸಮುದ್ರದ ದಡದ ಸ್ವಿಂಡನ್ ಅಂತಾನೇ ಅಡ್ಡಹೆಸರಿತ್ತು ನಿಜ, ಆದ್ರೆ ರೈಲುಗಳು ಕಾರ್ನ್‌ವಾಲ್, ವೆಸ್ಟನ್, ವೇಲ್ಸ್, ಲಂಡನ್ ಕಡೆಗೂ ಹೋಗ್ತಿದ್ವು. 1849ರ ಮೊದಲ ಟ್ರಿಪ್ಪಿನಲ್ಲಿ ಹೋಗಿದ್ದು 500 ಜನ, ಅದೂ ಆಕ್ಸ್‌ಫರ್ಡಿಗೆ. ಮತ್ತೆ ಬಹಳ ವರ್ಷ ಆ ರಜೆಗೆ ಸಂಬಳ ಇರಲಿಲ್ಲ, ರೈಲು ಫ್ರೀ ಆದ್ರೂ ವಾಪಸ್ ಬಂದ್ಮೇಲೆ ಮನೇಲಿ ಕಾಸಿಲ್ಲದೆ ಅಮ್ಮಂದಿರು ಒದ್ದಾಡೋರು, ಮಕ್ಕಳ ನೆನಪಲ್ಲಿ ಸಮುದ್ರ ಉಳಿಯುತ್ತೆ, ಅಮ್ಮನ ಲೆಕ್ಕ ಉಳಿಯಲ್ಲ. ನೆನಪಿನ ಗುಣವೂ ಕೊರತೆಯೂ ಇದೇ. ಹಂಗಂತ ಅವರ ಮುಂದೆ ಕೂತು ತಪ್ಪು ತಿದ್ದೋಕೆ ಹೋಗ್ಬೇಡಿ. ಕೇಳಿಸ್ಕೊಂಡು ಬನ್ನಿ, ಆಮೇಲೆ ಮನೇಲಿ ತಾರೀಖು ಹೊಂದಿಸ್ಕೊಳ್ಳಿ.

ಹೊಂದಿಸೋಕೆ ಕೆಲವು ಗಟ್ಟಿ ಗೂಟಗಳು ಇವೆ. ಯುದ್ಧಕಾಲದಲ್ಲಿ ಶುರುವಾದ ಮಿಠಾಯಿಯ ರೇಷನ್ ಮುಗಿದಿದ್ದು 1953ರ ಫೆಬ್ರವರಿ, ಎಲ್ಲ ರೇಷನ್ ಮುಗಿದಿದ್ದು 1954ರ ಜುಲೈ. ಶಾಲೇಲಿ ಕೊಡ್ತಿದ್ದ ಪುಟ್ಟ ಬಾಟಲಿಯ ಫ್ರೀ ಹಾಲು 1946ರಿಂದ ಎಲ್ಲ ಮಕ್ಕಳಿಗೂ ಇತ್ತು, 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳಿಗೆ ನಿಂತು ಹೋಯ್ತು. ದೊಡ್ಡ ಹಿಮ ಅಂದ್ರೆ ಎರಡು, 1947ರದ್ದು ಮತ್ತೆ 1962-63ರದ್ದು, ಇವೆರಡನ್ನ ಹಿರಿಯರು ಬೆರೆಸಿಬಿಡ್ತಾರೆ, ಆಗ ನೀವು ಸ್ಕೂಲಲ್ಲಿದ್ರಾ ಕೆಲಸಕ್ಕೆ ಸೇರಿದ್ರಾ ಅಂತ ಮೆಲ್ಲಗೆ ಕೇಳಿದ್ರೆ ಯಾವುದು ಅಂತ ಗೊತ್ತಾಗುತ್ತೆ. ಹಳ್ಳಿಯ ಸ್ಟೇಷನ್ ಮುಚ್ಚಿದ ಕಥೆ ಬಂದ್ರೆ ಸಾವಿರಾರು ಸ್ಟೇಷನ್ ಮುಚ್ಚಿ ಅಂದ 1963ರ ಬೀಚಿಂಗ್ ವರದಿಯ ಸುತ್ತಮುತ್ತ ಹುಡುಕಿ. ಇನ್ನು ಆ ಹಿರಿಯರು ಯಾವ ಬಡಾವಣೆಯವರು ಅಂತನೂ ಕೇಳಿ. ಸ್ವಿಂಡನ್ನಿನ ಪೆನ್‌ಹಿಲ್ ಕಡೆ ಬೆಳೆದ ಎಷ್ಟೋ ಜನ 1950ರ ದಶಕದಲ್ಲಿ ಲಂಡನ್ನಿಂದ ಬಂದ ಮನೆಯವರ ಮಕ್ಕಳು, ಅವರ ನೆನಪಿನ ಊರು ರೈಲ್ವೆ ವಿಲೇಜಿನವರ ಊರಲ್ಲ.

ಪ್ರಶ್ನೆ ಕೇಳೋದ್ರಲ್ಲೂ ಒಂದು ದಾರಿ ಇದೆ. ನಿಮ್ಮ ಬಾಲ್ಯ ಹೆಂಗಿತ್ತು ಅಂತ ಕೇಳಿದ್ರೆ ಚೆನ್ನಾಗಿತ್ತು ಅಂತ ಅಷ್ಟೇ ಬರುತ್ತೆ. ಅದರ ಬದಲು ಮೇಲೆ ಹೇಳಿದ 25 ಇಂಚಿನ ನಕ್ಷೇನ ದೊಡ್ಡದಾಗಿ ಪ್ರಿಂಟ್ ತೆಗೆಸಿ ಟೇಬಲ್ ಮೇಲೆ ಹರಡಿ, ಸ್ಕೂಲಿಗೆ ಯಾವ ದಾರೀಲಿ ಹೋಗ್ತಿದ್ರಿ, ಬೆರಳಿಟ್ಟು ತೋರಿಸಿ ಅನ್ನಿ. ಬೆರಳು ಒಂದು ಮೂಲೆ ತಿರುಗಿದ ತಕ್ಷಣ ಮಿಠಾಯಿ ಅಂಗಡಿ ಬರುತ್ತೆ, ನಾಯಿ ಇದ್ದ ಮನೆ ಬರುತ್ತೆ, ಹೋಗಬಾರದು ಅಂತ ಅಮ್ಮ ಹೇಳಿದ್ದ ಕಾಲುವೆ ದಂಡೆ ಬರುತ್ತೆ, ಚೆಸ್ಟ್‌ನಟ್ ಕಾಯಿಗೆ ದಾರ ಪೋಣಿಸಿ ಕಾಂಕರ್ ಆಡ್ತಿದ್ದ ಮರ ಬರುತ್ತೆ. ಮಂಚದಲ್ಲಿ ಎಷ್ಟು ಜನ ಮಲಗ್ತಿದ್ರಿ, ನವೆಂಬರ್ 5ರ ಬಾನ್‌ಫೈರ್ ನೈಟ್ ಹಬ್ಬದ ಬೆಂಕಿಗೆ ಕಟ್ಟಿಗೆ ಎಲ್ಲಿಂದ ತರ್ತಿದ್ರಿ, ಇಂಥವನ್ನ ಕೇಳಿ. ರೆಕಾರ್ಡ್ ಮಾಡೋಕೆ ಮೊದಲು ಒಪ್ಪಿಗೆ ಕೇಳಿ, ಮಗೂನೇ ಪ್ರಶ್ನೆ ಕೇಳಲಿ, ದೊಡ್ಡೋರು ಪಕ್ಕದಲ್ಲಿ ಸುಮ್ಮನಿರಿ.

1980ರ ದಶಕದ ಬಾಲ್ಯ ಸಾಕು ಅನ್ನೋರಿಗೆ ಒಂದು ಅಪರೂಪದ ದಾರಿ ಇದೆ. 1086ರಲ್ಲಿ ಇಂಗ್ಲೆಂಡಿನ ರಾಜ ಊರೂರಿನ ಭೂಮಿ ಲೆಕ್ಕ ಬರೆಸಿದ ಡೂಮ್ಸ್‌ಡೇ ದಾಖಲೆಗೆ 900 ವರ್ಷ ಆಯ್ತು ಅಂತ 1986ರಲ್ಲಿ ಬಿಬಿಸಿ ಇಡೀ ದೇಶನ 4 ಕಿಲೋಮೀಟರ್ ಅಗಲ 3 ಕಿಲೋಮೀಟರ್ ಉದ್ದದ ಚೌಕಗಳಾಗಿ ಮಾಡಿ ಶಾಲೆ ಮಕ್ಕಳ ಕೈಲಿ ತಮ್ಮ ತಮ್ಮ ಊರಿನ ಬಗ್ಗೆ ಬರೆಸಿತು, ಹತ್ತು ಲಕ್ಷಕ್ಕೂ ಹೆಚ್ಚು ಜನ ಅದ್ರಲ್ಲಿ ಸೇರಿದ್ರು ಅಂತಾರೆ. ಅದು ಲೇಸರ್ ಡಿಸ್ಕಿನಲ್ಲಿ ಬಂದು, ಆ ಡಿಸ್ಕ್ ಓದೋ ಯಂತ್ರಗಳೇ ಇಲ್ಲದಾಗಿ, ಕೊನೆಗೆ 2011ರಲ್ಲಿ ವೆಬ್ಬಿಗೆ ಬಂತು, ಈಗ ನ್ಯಾಷನಲ್ ಆರ್ಕೈವ್ಸಿನ ವೆಬ್ ಸಂಗ್ರಹದಲ್ಲಿದೆ. ಮಕ್ಕಳೇ ಬರೆದ ಊರಿನ ಚರಿತ್ರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇರೆ ಎಲ್ಲೂ ನಾನು ಕಂಡಿಲ್ಲ. ಚೌಕ ಚೌಕಕ್ಕೂ ಗುಣಮಟ್ಟ ಬೇರೆ, ಒಂದು ಹಳ್ಳಿಗೆ ಪುಟಗಟ್ಟಲೆ ಇದ್ರೆ ಇನ್ನೊಂದಕ್ಕೆ ನಾಲ್ಕೇ ಸಾಲು.

ಇಷ್ಟೆಲ್ಲ ಓಡಾಡೋಕೆ ಪುರುಸೊತ್ತಿಲ್ಲ, ಮಕ್ಕಳಿಗೆ ಕಣ್ಣಲ್ಲಿ ಕಾಣಬೇಕು ಅಷ್ಟೇ ಅನ್ನೋರು ಬಯಲು ಮ್ಯೂಸಿಯಂಗೆ ಹೋಗಿ. ಡರಂ ಕೌಂಟಿಯ ಬೀಮಿಷ್ ದೊಡ್ಡದು, ಗಣಿ ಹಳ್ಳಿ, ಟ್ರಾಮು, 1950ರ ದಶಕದ ಬೀದಿ ಎಲ್ಲ ಇದೆ, ಪೂರ್ತಿ ದಿನ ಬೇಕು. ಡಡ್ಲಿಯ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂ ಮಿಡ್‌ಲ್ಯಾಂಡ್ಸಿನವರಿಗೆ ಹತ್ತಿರ. ನನಗೆ ಕೇಳಿದ್ರೆ ಕಾರ್ಡಿಫ್ ಹತ್ತಿರದ ಸೇಂಟ್ ಫೇಗನ್ಸ್, 1948ರಲ್ಲಿ ಶುರುವಾಗಿದ್ದು, ಪ್ರವೇಶಕ್ಕೆ ದುಡ್ಡಿಲ್ಲ. ಅಲ್ಲಿ ಮರ್ಥರ್ ಟಿಡ್‌ಫಿಲ್ಲಿನ ರಿಡ್-ಅ-ಕಾರ್ ಅನ್ನೋ ಕಡೆಯಿಂದ ಕಿತ್ತು ತಂದು ಮತ್ತೆ ಕಟ್ಟಿದ ಆರು ಮನೆಗಳ ಒಂದು ಸಾಲಿದೆ. ಒಂದನ್ನ 1805ರ ಹಾಗೆ, ಮುಂದಿನದನ್ನ 1855, ಆಮೇಲೆ 1895, 1925, 1955, ಕೊನೇದನ್ನ 1985ರ ಹಾಗೆ ಜೋಡಿಸಿದ್ದಾರೆ, ಅದೇ ಅಳತೆಯ ಕೋಣೆ, ಒಂದು ಬಾಗಿಲಿಂದ ಇನ್ನೊಂದಕ್ಕೆ ನಡೆದ್ರೆ ದೀಪ, ಒಲೆ, ಹಾಸಿಗೆ, ಆಟದ ಸಾಮಾನು ಬದಲಾಗ್ತಾ ಹೋಗುತ್ತೆ. ಆದ್ರೆ ಮ್ಯೂಸಿಯಂ ತೋರಿಸೋದು ಇನ್ನೊಂದು ಊರನ್ನ, ನಿಮ್ಮ ಬೀದೀನ ಅಲ್ಲ, ಅದಕ್ಕೇ ಶಾಲೆಯ ಪ್ರಾಜೆಕ್ಟಿಗೆ ಅದೊಂದೇ ಸಾಲಲ್ಲ.

ವೇಲ್ಸ್, ಸ್ಕಾಟ್ಲೆಂಡಿನಲ್ಲಿರೋರಿಗೆ ಎರಡು ಮಾತು. ವೇಲ್ಸಿನವರಿಗೆ ಪತ್ರಿಕೆ ವಿಷಯದಲ್ಲಿ ಚಂದಾ ಚಿಂತೆ ಕಡಿಮೆ, ಅಲ್ಲಿನ ನ್ಯಾಷನಲ್ ಲೈಬ್ರರಿ ಹಳೇ ಪತ್ರಿಕೆಗಳ ದೊಡ್ಡ ಸಂಗ್ರಹವನ್ನ ಫ್ರೀಯಾಗಿ ಇಟ್ಟಿದೆ. ಸ್ಕಾಟ್ಲೆಂಡಿನವರು ಸೆನ್ಸಸ್ಸಿಗೆ ಸ್ಕಾಟ್‌ಲೆಂಡ್ಸ್‌ಪೀಪಲ್ ಅನ್ನೋ ಬೇರೆ ವೆಬ್‌ಸೈಟಿಗೆ ಹೋಗ್ಬೇಕು, ಆದ್ರೆ ಅವರಿಗೆ ಇಂಗ್ಲೆಂಡಿನವರಿಗಿಲ್ಲದ ಒಂದು ಸಂಪತ್ತಿದೆ, 1790ರ ದಶಕದಲ್ಲಿ ಒಮ್ಮೆ, 1834ರಿಂದ 1845ರೊಳಗೆ ಇನ್ನೊಮ್ಮೆ, ಪ್ರತಿ ಪ್ಯಾರಿಷ್ಷಿನ (ಒಂದು ಚರ್ಚಿನ ವ್ಯಾಪ್ತಿಯ) ಪಾದ್ರಿ ತನ್ನ ಊರಿನ ಶಾಲೆ, ಊಟ, ಕೂಲಿ, ಹವಾಮಾನ ಎಲ್ಲ ವಿವರವಾಗಿ ಬರೆದುಕೊಟ್ಟ ಸ್ಟಾಟಿಸ್ಟಿಕಲ್ ಅಕೌಂಟ್ಸ್.

ಒಂದು ಭಾನುವಾರ ಮಧ್ಯಾಹ್ನ ಮಾತ್ರ ಇದೆ ಅಂದ್ರೆ ನಕ್ಷೆ ಮತ್ತೆ ವಿಮಾನದ ಚಿತ್ರ, ಇಷ್ಟಕ್ಕೇ ಒಳ್ಳೆ ಪ್ರಾಜೆಕ್ಟ್ ಆಗುತ್ತೆ. ಒಂದು ಶನಿವಾರ ಕೂಡ ಸಿಗುತ್ತೆ ಅಂದ್ರೆ ಲೈಬ್ರರಿಗೆ ಹೋಗಿ ನಿಮ್ಮ ಬೀದಿಯ 1911ರ ಸೆನ್ಸಸ್ ತೆಗೀರಿ. ಹಾಫ್ ಟರ್ಮ್ ರಜೇಲಿ ಒಂದು ದಿನ ಬಿಡುವಿದ್ರೆ ಮಿಕ್ಕಿದ್ದೆಲ್ಲ ಬಿಟ್ಟು ರೆಕಾರ್ಡ್ ಆಫೀಸಿಗೇ ಹೋಗಿ, ಮಗೂನೂ ಕರ್ಕೊಂಡು ಹೋಗಬಹುದಾ ಅಂತ ಮೊದಲೇ ಕೇಳಿ, ಯಾವ ದಿನ ತೆರೆದಿರುತ್ತೆ ನೋಡ್ಕೊಳ್ಳಿ, ಬೇಕಾದ ಲಾಗ್ ಬುಕ್ಕಿನ ನಂಬರನ್ನ ಮುಂಚೇನೇ ಇಮೇಲ್ ಮಾಡಿಟ್ರೆ ಹೋದ ತಕ್ಷಣ ಪುಸ್ತಕ ಟೇಬಲ್ ಮೇಲೆ ಬರುತ್ತೆ. ಹಿರಿಯರ ಮಾತು ರೆಕಾರ್ಡ್ ಮಾಡಿದ್ರೆ ಅವರ ಒಪ್ಪಿಗೆ ಪತ್ರದ ಜೊತೆ ಒಂದು ಕಾಪಿನ ಊರಿನ ಲೈಬ್ರರಿಯ ಲೋಕಲ್ ಸ್ಟಡೀಸ್ ವಿಭಾಗಕ್ಕೆ ಕೊಡಿ, ಇನ್ನೊಂದು ಅವರ ಮನೆಯವರಿಗೆ.